ಗೋಡೆಯಾಚೆಯ ಹೂಂ

ಆ ಭಾನುವಾರ ಬೆಳಗ್ಗೆ ಮಂಜು ಇಳಿದು ಐಟಿ ಪಾರ್ಕಿನ ಗಾಜಿನ ಕಟ್ಟಡಗಳನ್ನೆಲ್ಲ ನುಂಗಿಬಿಟ್ಟಿತ್ತು. ಧನುರ್ಮಾಸದ ಮಂಜು. ಬ್ರೂಕ್‌ಫೀಲ್ಡಿನ ಬೆನ್ನಿಗೆ ಅಂಟಿಕೊಂಡಿರುವ ಹಳೇ ಊರು, ಸುತ್ತಲಿನದೆಲ್ಲ ಕಾಣದಾದ ಮೇಲೆ, ಮತ್ತೆ ಊರಾಗಿ ಕೂತಿತ್ತು. ಆಂಜನೇಯನ ಗುಡಿಯ ಗಂಟೆ ಕೇಳುತ್ತಿತ್ತು, ಗುಡಿ ಕಾಣುತ್ತಿರಲಿಲ್ಲ. ದೇವರು ಒಮ್ಮೊಮ್ಮೆ ಹೀಗೆ ಹೊದಿಕೆ ಎಳೆದು, ಲೋಕಕ್ಕೆ ಇನ್ನೊಂದಿಷ್ಟು ಹೊತ್ತು ಮಲಗು ಅನ್ನುತ್ತಾನೆ.

ಆದರೆ ಅಂಜಿನಮ್ಮನಿಗೆ ನಿದ್ದೆ ಹತ್ತಿರಲಿಲ್ಲ. ಮೆಟ್ಟಿಲು ಹತ್ತಿ ಬಂದು ಮೊದಲನೇ ಮಹಡಿಯ ಬಾಗಿಲು ಬಡಿದರು. ಅವರು ಮನೆ ಓನರಮ್ಮ. ಮಹಡಿಯಲ್ಲಿ ಬಾಡಿಗೆಗಿರುವವಳು ಊರ್ಮಿಳಾ, ಪಿಟೀಲು ಕಲಿಸುವಾಕೆ. ಓನರಮ್ಮ ಇಷ್ಟು ಹೊತ್ತಿಗೇ ಬಂದರೆ ನೀರಿನ ಮೋಟಾರು ಕೆಟ್ಟಿರಬೇಕು ಅಂದುಕೊಂಡೇ ಊರ್ಮಿಳಾ ಬಾಗಿಲು ತೆಗೆದಳು.

"ನನ್ ಕೈಲಾಗಲ್ಲ ಕಣಮ್ಮಾ," ಅಂದರು ಅಂಜಿನಮ್ಮ ಹೊಸ್ತಿಲಾಚೆಯೇ ನಿಂತು. "ಸಾಯಂಕಾಲದ ಕಥೆಗೆ ಬೇರೆ ಯಾರನ್ನಾದ್ರೂ ನೋಡ್ಕೊ."

ಸಾಯಂಕಾಲ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಕಾರ್ಯಕ್ರಮ. ಆ ಕಥೆಗೆ ಬೇರೆ ಯಾರೂ ಇರಲಿಲ್ಲ.

ಕಥೆ ರಷ್ಯಾ ದೇಶದ್ದು. ಊರ್ಮಿಳಾಳ ತಂದೆ ದ್ವಾರಕಾನಾಥರು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಸರ್ವೀಸಿನ ಕಾಲದಲ್ಲಿ ರಷ್ಯಾದ ಎಂಜಿನಿಯರುಗಳು ಬಂದು ಟೌನ್‌ಶಿಪ್ಪಿನಲ್ಲೇ ಇದ್ದರು. ಪಕ್ಕದ ಕ್ವಾರ್ಟರ್ಸಿನ ರಷ್ಯನ್ ಆಂಟಿ, ಕರೆಂಟು ಹೋದ ಸಂಜೆಗಳಲ್ಲಿ, ಪುಟ್ಟ ಊರ್ಮಿಳಾಳನ್ನು ಕೂರಿಸಿಕೊಂಡು ಅರ್ಧ ಇಂಗ್ಲಿಷು ಅರ್ಧ ಕೈಸನ್ನೆಯಲ್ಲಿ ಅದನ್ನು ಹೇಳುತ್ತಿದ್ದಳು. ಮಲತಾಯಿ ಬೇಕಂತಲೇ ಮನೆಯ ಬೆಂಕಿಯನ್ನೆಲ್ಲ ಆರಿಸಿ, ಹುಡುಗಿಯನ್ನು ಕಾಡಿಗೆ ಅಟ್ಟುತ್ತಾಳೆ, ಕಾಡಜ್ಜಿಯ ಮನೆಯಿಂದ ಬೆಂಕಿ ತಾ ಅಂತ. ದಾರಿಯಲ್ಲಿ ಬಿಳೀ ಕುದುರೆಯವನು ಹಾದರೆ ಬೆಳಕು ಹರಿಯುತ್ತದೆ, ಕೆಂಪು ಕುದುರೆಯವನು ಹಾದರೆ ಸೂರ್ಯ ಮೂಡುತ್ತಾನೆ, ಕರೀ ಕುದುರೆಯವನು ಹಾದರೆ ಕತ್ತಲಾಗುತ್ತದೆ. ಆ ಆಂಟಿ ಊರಿಗೆ ಮರಳಿ ಎಷ್ಟೋ ಕಾಲವಾಯಿತು. ಕುದುರೆಗಳು ಮಾತ್ರ ಊರ್ಮಿಳಾಳ ತಲೆಯಲ್ಲಿ ಓಡುತ್ತಲೇ ಇದ್ದವು. ಈಗ ಅವಳು ಅವಕ್ಕೆ ಸಂಗೀತ ಕಟ್ಟಿದ್ದಳು. ಬಿಳೀ ಕುದುರೆಗೆ ಅವಳ ಪಿಟೀಲು. ಕೆಂಪು ಕುದುರೆಗೆ ವಯೋಲಾ, ಅಂದರೆ ಪಿಟೀಲಿಗಿಂತ ತುಸು ದೊಡ್ಡದು, ದನಿ ಸ್ವಲ್ಪ ದಪ್ಪ; ಅದನ್ನು ನುಡಿಸುವವಳು ಮಾರತ್ತಹಳ್ಳಿಯ ಪೀಜಿಯಲ್ಲಿರುವ ಸಮನ್ವಿತಾ. ಕರೀ ಕುದುರೆಗೆ ಮೊಣಕಾಲ ನಡುವೆ ನಿಲ್ಲಿಸಿಕೊಂಡು ನುಡಿಸುವ ಸೆಲ್ಲೋ, ಅದು ದ್ವಾರಕಾನಾಥರದು.

ಕಥೆಯನ್ನು ಊರ್ಮಿಳಾಳೇ ಓದಬೇಕೆಂದಿತ್ತು. ಒಂದು ಸಂಜೆ ಅಂಜಿನಮ್ಮ ಕಸದ ಗಾಡಿಯ ವಿಷಯ ಹೇಳಲು ಬಂದವರು, ಅವಳು ಓದಿ ನೋಡುತ್ತಿದ್ದುದನ್ನು ಬಾಗಿಲಲ್ಲೇ ನಿಂತು ಕೇಳಿದರು. "ಸಂಜೆ ದೀಪ ಹಚ್ಚಿದ ಮೇಲೆ ಯಾರಮ್ಮಾ ಬೆಂಕಿ ಕೊಡ್ತಾರೆ?" ಅಂತ ತಕರಾರು ತೆಗೆದರು. "ನಮ್ಮಲ್ಲಿ ದೀಪ ಹಚ್ಚಿದ ಮೇಲೆ ಉಪ್ಪು ಕೊಡಲ್ಲ, ಹೆಪ್ಪು ಕೊಡಲ್ಲ. ಬೆಂಕಿ ಕೊಡ್ತಾಳಾ ಆ ಮುದುಕಿ?" ಊರ್ಮಿಳಾ ಪೆಚ್ಚಾಗಿ, ಅಜ್ಜಿ ಆ ರಾತ್ರಿಯೆಲ್ಲ ಹುಡುಗಿಯ ಕೈಲಿ ಗಸಗಸೆಯೊಳಗಿನ ಮಣ್ಣು ಆರಿಸುತ್ತಾಳೆ, ಬೆಳಗಾದ ಮೇಲೇ ಬೆಂಕಿ ಕೊಡುತ್ತಾಳೆ ಅಂದಳು. ಅಂಜಿನಮ್ಮನ ಮುಖ ಅರಳಿತು. "ಮತ್ತೆ! ಅದನ್ನ ಹೇಳು. ಸುಮ್ಕೆ ಕಾಟ ಕೊಟ್ಲು ಅಂತೀಯ. ಕಾಟ ಅಲ್ಲ ಅದು, ಪದ್ಧತಿ. ಬೆಳಗಾಗೋವರ್ಗೂ ಹುಡುಗೀನ ಎಲ್ಲಿಗಾದ್ರೂ ಕಳಿಸಕ್ಕಾಯ್ತದಾ? ಕೆಲ್ಸ ಕೊಟ್ಟು ಕೂರುಸ್ಕೊಂಡವ್ಳೆ." ಅಲ್ಲೇ ಮೆಟ್ಟಿಲ ಮೇಲೆ ಕೂತು ಇಡೀ ಕಥೆಯನ್ನು ತಮ್ಮ ಬಾಯಲ್ಲಿ ತಿರುಗಿಸಿ ಹೇಳಿದರು. ಆ ಹೊತ್ತಿನಿಂದ ಕಥೆ ಅವರದಾಯಿತು.

ಅಂದಿನಿಂದ ದಿನಾ ದೀಪ ಹಚ್ಚಿದ ಮೇಲೆ, ಕೆಳಗಡೆ ಅಂಜಿನಮ್ಮನ ಪಡಸಾಲೆಯಲ್ಲಿ ಅಭ್ಯಾಸ. ಹಗಲಲ್ಲಿ ಮಾತ್ರ ಅವರು ಬಾಯಿ ಬಿಡುತ್ತಿರಲಿಲ್ಲ. ಹಗಲು ಕಥೆ ಹೇಳಿದರೆ ದಾರಿಯಲ್ಲಿರುವವರು ದಾರಿ ತಪ್ಪುತ್ತಾರಂತೆ. "ಮೊದ್ಲೇ ಈ ಟ್ರಾಫಿಕ್ಕು," ಅನ್ನುತ್ತಿದ್ದರು.

ಪಡಸಾಲೆಯಲ್ಲಿ ಕಥೆ ಹೊಳೆಯ ಹಾಗೆ ಹರಿಯಿತು. ಕೊನೆಯ ಭಾಗದ ಸಂಗೀತ ಇನ್ನೂ ಮುಗಿದಿರಲಿಲ್ಲವಾದ್ದರಿಂದ ದಿನಾ ಹುಡುಗಿ ಕಾಡಜ್ಜಿಯ ಗುಡಿಸಲಿನ ಮುಂದೆ ಬಂದು ನಿಲ್ಲುವಲ್ಲಿಗೆ ನಿಲ್ಲಿಸುತ್ತಿದ್ದರು. ಅದು ಮುಗಿದ ಮೇಲೆ, ನಿನ್ನೆ ಸಂಜೆ ಮೊದಲ ಸಲ ಅಭ್ಯಾಸಕ್ಕೆ ಪಕ್ಕದ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ಹಾಲಿಗೆ ಹೋದರು. ಅಂಜಿನಮ್ಮ ಮೈಕಿನ ಮುಂದೆ ಕೂತು, "ಒಂದೂರಲ್ಲಿ ಒಬ್ಳು ತಬ್ಬಲಿ ಹುಡುಗಿ ಇದ್ಲು" ಅಂದರು. ನಿಂತರು. ಅತ್ತ ಇತ್ತ ನೋಡಿದರು. "ಅವಳ್ಗೊಬ್ಳು ಮಲತಾಯಿ" ಅಂದರು. ಮತ್ತೆ ನಿಂತರು. ಸಮನ್ವಿತಾ ನೀರು ಕೊಟ್ಟಳು. ನೀರು ಕುಡಿದು, ಕಾಲಿಗೆ ಚಪ್ಪಲಿ ಮೆಟ್ಟಿ, ಮಾತಿಲ್ಲದೆ ಮನೆಗೆ ನಡೆದುಬಿಟ್ಟಿದ್ದರು.

"ಮೈಕ್ ಬೇಡಾಂದ್ರೆ ತೆಗೆಸಿಬಿಡ್ತೀನಿ ಅಮ್ಮ," ಅಂದಳು ಊರ್ಮಿಳಾ ಈಗ, ಅವರನ್ನು ಒಳಗೆ ಕೂರಿಸಿ.

"ಮೈಕಿಗೆ ಎದರ್ಕೊಳೋಳಲ್ಲ ನಾನು. ಪಂಚಾಯ್ತಿ ಎಲೆಕ್ಷನ್ನಲ್ಲಿ ಮೈಕ್ ಇಡ್ಕೊಂಡು ಬೈದಿವ್ನಿ."

"ಮತ್ತೇನಾಯ್ತು?"

ಅಂಜಿನಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಬಾವಿಗೆ ಬಿಂದಿಗೆ ಬಿಟ್ಟಂಗಾಯ್ತು ಕಣಮ್ಮಾ. ಹಗ್ಗ ಇಳೀತಾನೇ ಐತೆ, ನೀರು ಮುಟ್ಟಿದ ಸದ್ದೇ ಇಲ್ಲ." ದನಿ ತಗ್ಗಿಸಿದರು. "ನಮ್ಮತ್ತೆ ಕಣ್ಮುಚ್ಚೋ ಮುಂದೆ, ಅಂಜಿನೀ, ಕಥೆಗಳೆಲ್ಲಾ ನಿಂಗೆ ಅಂದಿದ್ರು. ಜಮೀನು ಓಯ್ತು, ಬಿಲ್ಡಿಂಗ್ ಬಂತು, ಅದಕ್ಕೆಲ್ಲ ನಾನು ಅತ್ತೋಳಲ್ಲ. ಕಥೆ ಬಾಯೂ ಓಯ್ತು ಅಂದ್ರೆ, ನಾಳೆ ಅತ್ತೆ ಮುಂದೆ ಓಗಿ ಎಂಗೆ ನಿಂತ್ಕಳ್ಳಿ?"

ಒಳಗೆ ಸಂಧ್ಯಾವಂದನೆ ಮುಗಿಸಿ ಬಂದ ದ್ವಾರಕಾನಾಥರು ಈ ಮಾತು ಕೇಳಿಸಿಕೊಂಡು ಎದುರಿಗೆ ಕೂತರು. "ನೀನು ಹಾಲು ತಗೊಂಡು ಬಾಮ್ಮ," ಅಂದರು ಮಗಳಿಗೆ. "ಇವರಿಗೆ ಒಂದು ಲೋಟ ಕಾಫಿ ಆಗಲಿ. ಆಮೇಲೆ ನೋಡೋಣ."

ಊರ್ಮಿಳಾ ಕೆಳಗಿಳಿದಳು. ಅಂಜಿನಮ್ಮನ ಮನೆಗೆ ತಾಗಿಕೊಂಡೇ ಇನ್ನೊಂದು ಮನೆ. ಎರಡೂ ಒಂದು ಕಾಲದಲ್ಲಿ ಒಂದೇ ಮನೆ. ಭಾಗವಾದಾಗ ಪಡಸಾಲೆಯ ನಡುವೆ ಇಟ್ಟಿಗೆಯ ಗೋಡೆ ಎದ್ದಿತು. ಆಚೆ ಭಾಗದಲ್ಲಿರುವವರು ಶಿವಲಿಂಗಮ್ಮ, ಅಂಜಿನಮ್ಮನ ಮೈದುನನ ಹೆಂಡತಿ. ಈ ವಾರಗಿತ್ತಿಯರಿಬ್ಬರು ಮಾತು ಬಿಟ್ಟು ವರ್ಷಗಳಾದವು ಎಂಬುದು ಇಡೀ ಬೀದಿಗೆ ಗೊತ್ತು. ಕಾರಣ ಒಂದು ಹಿತ್ತಾಳೆ ದೀಪ. ಅತ್ತೆಯ ಕಾಲದ್ದು. ಭಾಗದಲ್ಲಿ ಅದನ್ನು ಒಡೆಯಲಾಗದೆ, ಒಂದು ವರ್ಷ ಇವರ ಮನೆ ದೇವರ ಮುಂದೆ, ಒಂದು ವರ್ಷ ಅವರ ಮನೆ ದೇವರ ಮುಂದೆ ಉರಿಯಲಿ ಅಂತ ಹಿರಿಯರು ಹೇಳಿದ್ದರು. ಮೊದಲ ಸರದಿ ಶಿವಲಿಂಗಮ್ಮನದು. ವರ್ಷ ತುಂಬಿದಾಗ ಶಿವಲಿಂಗಮ್ಮ, "ಬೇಕಾದೋರು ಬಂದು ಕೇಳ್ಲಿ" ಅಂದರು. ಅಂಜಿನಮ್ಮ, "ಕೊಡಬೇಕಾದೋರು ತಂದ್ಕೊಡ್ಲಿ" ಅಂದರು. ದೀಪ ಇದ್ದಲ್ಲೇ ಉಳಿಯಿತು.

ಶಿವಲಿಂಗಮ್ಮ ಬಾಗಿಲ ಮುಂದೆ ರಂಗೋಲಿಯ ನಡುವೆ ಸಗಣಿಯ ಉಂಡೆ ಇಟ್ಟು, ಅದಕ್ಕೆ ಕುಂಬಳದ ಹೂ ಸಿಗಿಸುತ್ತಿದ್ದರು. ಊರ್ಮಿಳಾಳನ್ನು ಕಂಡು ತಲೆಯೆತ್ತದೆಯೇ ಕೇಳಿದರು:

"ಏನಮ್ಮಾ ಪಿಟೀಲಮ್ಮಾ, ನಿನ್ನೆ ಕಥೆ ಯಾಕ್ ಇಲ್ಲ?"

"ನಿಮಗೆ ಕೇಳ್ಸುತ್ತಾ ನಮ್ಮ ಕಥೆ?"

"ಕಿವಿ ಮುಚ್ಕೊಂಡು ಕೂತ್ಕಳ್ಳಾ ಮತ್ತೆ? ನನ್ ಗೋಡೆ ತಾನೇ ಅದು, ಅರ್ಧ. ದಿನಾ ಆ ಹುಡುಗೀನ ಗುಡಿಸಲ ಮುಂದೆ ಚಳೀಲಿ ನಿಲ್ಸಿ ನಿಲ್ಸಿ ಎದ್ದೋಗ್ತೀರ. ಬೆಂಕಿ ಕೊಟ್ಲಾ ಇಲ್ವಾ ಆ ಕಾಡ್ಮುದುಕಿ?" ಹೂ ಸಿಗಿಸುವುದನ್ನು ಬಿಟ್ಟು ನೋಡಿದರು. "ನಿನ್ನೆ ಹೂಂ ಅನ್ನಕ್ಕೇ ಅಂತ ಅಡುಗೆ ಬಿಟ್ಟು ಬಂದು ಕೂತಿದ್ದೆ. ಸದ್ದೇ ಇಲ್ಲ."

ಊರ್ಮಿಳಾ ಹಾಲಿನ ಪಾತ್ರೆ ಹಿಡಿದು ಅಲ್ಲೇ ನಿಂತಳು. "ನೀವು ಗೋಡೆ ಆಚೆಯಿಂದ ಹೂಂ ಅಂತಿದ್ರಾ?"

"ಅನ್ನದೆ? ಕಥೆ ಹೇಳೋರ್ಗೆ ಹೂಂ ಅನ್ನೋರ್ ಬ್ಯಾಡ್ವಾ? ಬಾಯಿ ಒಣಗೋಗಲ್ವಾ? ಅತ್ತೆ ಅವಳ್ಗೆ ಕಥೆ ಕೊಟ್ರು, ನಂಗೆ ಹೂಂ ಕೊಟ್ರು. ಅವಳು ಹೇಳೋಳು, ನಾನು ಹೂಂಗುಟ್ಟೋಳು. ರಾಗಿ ಬೀಸುವಾಗ, ಅವರೆಕಾಯಿ ಸುಲಿಯುವಾಗ, ಎಷ್ಟು ಕಥೆ!" ಅಂದವರು, ತಾವು ಅಷ್ಟು ಮಾತಾಡಿದ್ದು ನೆನಪಾಗಿ, ಮುಖ ಬಿಗಿದುಕೊಂಡರು. "ಹೂಂ ಅಂದಿದ್ದು ಕಥೆಗೆ. ಅವಳ್ಗಲ್ಲ."

ಊರ್ಮಿಳಾಗೆ ನಿನ್ನೆಯದೆಲ್ಲ ತಿಳಿಯಿತು. ಪಡಸಾಲೆಯಲ್ಲಿ ತಾವು ಮೂವರೂ ತಂತಿಯ ಸದ್ದಿನಲ್ಲಿ ಮುಳುಗಿದ್ದರು. ತಮ್ಮ ಸಂಗೀತವೇ ಕಥೆಯನ್ನು ನಡೆಸುತ್ತಿದೆ ಅಂದುಕೊಂಡಿದ್ದರು. ಕಥೆಗೆ ಕಾಲು ಕೊಟ್ಟಿದ್ದು ಗೋಡೆಯಾಚೆಯ ಹೂಂ.

"ಇವತ್ತು ಸಾಯಂಕಾಲ ಕ್ಲಬ್‌ಹೌಸಲ್ಲಿ ಪೂರ್ತಿ ಕಥೆ ಇದೆ. ಬನ್ನಿ ಅಮ್ಮ."

"ಅವಳು ಕರೆದ್ಲಾ?"

ಹೌದು ಅಂದುಬಿಟ್ಟರೆ ಸುಲಭವಾಗುತ್ತಿತ್ತು. ಆದರೆ ಧನುರ್ಮಾಸದ ಬೆಳಗು, ಎದುರಿಗೆ ಹೂವಿಟ್ಟ ರಂಗೋಲಿ. "ಇಲ್ಲ," ಅಂದಳು. "ನಾನು ಕರೀತಿದೀನಿ. ಬೆಂಕಿ ಸಿಗ್ತಾ ಇಲ್ವಾ ಅನ್ನೋದು ಅಲ್ಲೇ ಗೊತ್ತಾಗೋದು."

"ಅವಳು ಕರೀಲಿ," ಅಂದು ಶಿವಲಿಂಗಮ್ಮ ಕೊನೆಯ ಹೂ ಸಿಗಿಸಿ ಎದ್ದು ಒಳಗೆ ಹೋದರು.

ಮೇಲೆ ಬಂದು, ಕಾಫಿ ಲೋಟ ಕೈಗೆ ಕೊಡುತ್ತ, ಊರ್ಮಿಳಾ ಅಂಜಿನಮ್ಮನನ್ನು ನೇರವಾಗಿ ಕೇಳಿದಳು. "ಗೋಡೆ ಆಚೆಯಿಂದ ಹೂಂ ಕೇಳಿಸ್ತಿತ್ತಲ್ವಾ ನಿಮಗೆ?"

ಅಂಜಿನಮ್ಮ ಕಾಫಿಯನ್ನು ಊದಿದರು. ಬಹಳ ಹೊತ್ತು ಊದಿದರು. "ಒಂಟಿ ಇಟ್ಟಿಗೆ ಗೋಡೆ. ಏನೇನೋ ಕೇಳಿಸ್ತದೆ."

"ಅವರನ್ನ ಒಂದು ಮಾತು ಕರೀಬಹುದಲ್ವಾ?"

"ನಾನಾ? ದೀಪ ತಂದಿಟ್ಟು ಆಮೇಲೆ ಮಾತು."

ದ್ವಾರಕಾನಾಥರು ಎದ್ದು ಮೂಲೆಯಲ್ಲಿದ್ದ ಸೆಲ್ಲೋ ತಂದು ಕೂತರು. "ಅಂಜಿನಮ್ಮನೋರೇ, ನೀವು ಒಂದೊಂದು ಮಾತು ಹೇಳಿ ನಿಲ್ಲಿಸಿದಾಗ ನಾನು ಇದರಲ್ಲಿ ಹೂಂ ಅಂತೀನಿ. ಕೇಳಿ." ಕಮಾನನ್ನು ದಪ್ಪ ತಂತಿಯ ಮೇಲೆ ಮೆಲ್ಲಗೆ ಎಳೆದರು.

"ಅದು ಹೂಂ ಅಲ್ಲ ರಾಯ್ರೇ," ಅಂದರು ಅಂಜಿನಮ್ಮ. "ಎಮ್ಮೆ ಕರುನ ಕೂಗ್ದಂಗೈತೆ."

ಊರ್ಮಿಳಾ ನಕ್ಕಳು, ದ್ವಾರಕಾನಾಥರೂ ನಕ್ಕರು, ಕೊನೆಗೆ ಅಂಜಿನಮ್ಮನೂ ನಕ್ಕರು. ನಕ್ಕ ಮೇಲೆ ಕಣ್ಣೊರೆಸಿಕೊಂಡು, "ಆಗ್ಲಿ. ಎಮ್ಮೆನಾದ್ರೂ ಸರಿ, ಒಂದು ಜೀವ ಹೂಂ ಅಂದಂಗಾಯ್ತದೆ. ಬತ್ತೀನಿ," ಅಂದರು. "ನಡುವೆ ನಿಂತೋದ್ರೆ ಬೈಬ್ಯಾಡಿ. ಅತ್ತೆ ಕಥೆ ವಾಪಸ್ ತಗೊಂಡವ್ರೆ ಅಂತ ನಾನೂ ತಿಳ್ಕೊಂತೀನಿ. ಇನ್ಮೇಲೆ ಬಾಯ್ಬಿಡಲ್ಲ."

ಸಂಜೆ ಕ್ಲಬ್‌ಹೌಸ್ ಹಾಲಿನಲ್ಲಿ ಕುರ್ಚಿಗಳು ತುಂಬಿದ್ದವು. ಅಪಾರ್ಟ್‌ಮೆಂಟಿನವರು, ಊರ ಬೀದಿಯವರು, ಸಮನ್ವಿತಾಳ ಪೀಜಿಯ ಗೆಳತಿಯರು. ಶಿವಲಿಂಗಮ್ಮ ಎಲ್ಲೂ ಇರಲಿಲ್ಲ. ವೇದಿಕೆಯ ದೀಪ ಬೆಳಗಿಸಿಯಾದ ಮೇಲೆ ಅಸೋಸಿಯೇಷನ್ ಸೆಕ್ರೆಟರಿ ಎದ್ದು, "ಮೊಬೈಲ್ ಸೈಲೆಂಟ್ ಮಾಡ್ಕೊಳ್ಳಿ. ಕಾರ್ಯಕ್ರಮ ಮುಗಿಯೋವರೆಗೂ ಯಾರೂ ಉಸಿರೆತ್ತಬಾರದು," ಅಂತ ಕೈಮುಗಿದು ಕೇಳಿಕೊಂಡರು. ಎಲ್ಲರೂ ಉಸಿರು ಬಿಗಿಹಿಡಿದು ಕೂತರು. ಅದು ಅಂಜಿನಮ್ಮನಿಗೆ ಎಂಥ ಶಿಕ್ಷೆ ಎಂಬುದು ಪಾಪ ಅವರಿಗೇನು ಗೊತ್ತು?

"ಒಂದೂರಲ್ಲಿ ಒಬ್ಳು ತಬ್ಬಲಿ ಹುಡುಗಿ ಇದ್ಲು," ಅಂದರು ಅಂಜಿನಮ್ಮ.

ಸೆಲ್ಲೋ ಹೂಂ ಅಂದಿತು.

ಅಂಜಿನಮ್ಮ ಅದರ ಕಡೆ ಕಣ್ಣು ಹೊರಳಿಸಿ, ಮುಂದುವರಿದರು. ಮಲತಾಯಿ ಒಲೆ ಆರಿಸಿದಳು. ಸೆಲ್ಲೋ ಹೂಂ ಅಂದಿತು. ಹುಡುಗಿ ಹೊರಟಳು. ಬಿಳೀ ಕುದುರೆ ಬಂತು, ಊರ್ಮಿಳಾಳ ಪಿಟೀಲು ನಸುಬೆಳಕನ್ನು ಎಳೆ ಎಳೆಯಾಗಿ ಬಿಡಿಸಿತು. ಕೆಂಪು ಕುದುರೆ ಬಂತು, ಸಮನ್ವಿತಾಳ ವಯೋಲಾದಲ್ಲಿ ಹೊತ್ತು ಮೂಡಿತು. ಆದರೆ ಕರೀ ಕುದುರೆ ಬಂದಾಗ ದ್ವಾರಕಾನಾಥರು ಕತ್ತಲನ್ನೇ ನುಡಿಸಬೇಕಾಗಿತ್ತು. ಹೂಂ ಅನ್ನಲು ಅವರ ಕೈಗೆ ಬಿಡುವಿರಲಿಲ್ಲ. ಅಂಜಿನಮ್ಮನ ಮಾತು ಸಣ್ಣಗಾಗುತ್ತ ಬಂತು. ಸಂಗೀತ ನಿಂತಿತು.

"ಕಾಡ ನಡುವೆ ಒಂದು ಗುಡಿಸ್ಲು. ಕೋಳಿ ಕಾಲ್ ಮೇಲೆ ನಿಂತೈತೆ. ಹುಡುಗಿಗೆ ಬೆನ್ ತಿರುಗಿಸ್ಕೊಂಡು ನಿಂತೈತೆ." ಸೆರಗು ಸರಿಮಾಡಿಕೊಂಡರು. "ಹುಡುಗಿ ಅಂದ್ಲು: ಗುಡಿಸ್ಲೇ, ಗುಡಿಸ್ಲೇ, ಕಾಡಿನ ಕಡೆ ಬೆನ್ ಮಾಡು. ನನ್ ಕಡೆ ಮುಖ ಮಾಡು."

ನಿಂತರು. ದ್ವಾರಕಾನಾಥರು ಕಮಾನನ್ನು ಎತ್ತಿದವರು, ಅಂಜಿನಮ್ಮನ ಮುಖ ನೋಡಿ ಹಾಗೇ ಇಳಿಸಿದರು. ಆ ಮುಖ ಸೆಲ್ಲೋಗೆ ಕಾದಿರಲಿಲ್ಲ. ಯಾರೋ ಕುರ್ಚಿಯಲ್ಲಿ ಅಲುಗಾಡಿದರು. ಅಂಜಿನಮ್ಮನ ಕೈ ಮೈಕನ್ನು ಪಕ್ಕಕ್ಕೆ ಸರಿಸಲು ಹೊರಟಿತು. ಊರ್ಮಿಳಾ ಮನಸ್ಸಿನಲ್ಲೇ ಆಂಜನೇಯನನ್ನು ನೆನೆದಳು.

"ಹೂಂ," ಅಂತು ಹಿಂದಿನ ಬಾಗಿಲ ಕಡೆಯಿಂದ ಒಂದು ದನಿ. "ತಿರುಗ್ತಾ?"

ಶಾಲು ಹೊದ್ದು, ಬಾಗಿಲಿಗೆ ಒರಗಿಕೊಂಡು ಶಿವಲಿಂಗಮ್ಮ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ! ಮುಂದಿನ ಸಾಲಿನ ಸೆಕ್ರೆಟರಿ ತಿರುಗಿ, "ಶ್!" ಅಂದರು.

"ನೀನ್ ಸುಮ್ಕಿರಪ್ಪಾ," ಅಂದರು ಅಂಜಿನಮ್ಮ ಮೈಕಿನಲ್ಲೇ. ಅವರ ಬೆನ್ನು ನೆಟ್ಟಗಾಗಿತ್ತು. "ತಿರುಗ್ದೆ ಏನ್ ಮಾಡ್ತದೆ? ಕೇಳ್ದೋರ್ ಕಡೆ ತಿರುಗ್ಲೇಬೇಕು. ತಿರುಗ್ತು!"

"ಹೂಂ!"

ಅಲ್ಲಿಂದ ಕಥೆ ಓಡಿತು. ಕಾಡಜ್ಜಿ ಮೂಸಿ ನೋಡಿದಳು, ಹೂಂ. ದೀಪ ಹಚ್ಚಿದ ಮೇಲೆ ಬೆಂಕಿ ಕೊಡಲ್ಲ, ಬೆಳಗಾಗಲಿ ಅಂದಳು. "ಹೂಂ ಮತ್ತೆ, ಅದ್ಯಾರ್ ಕೊಡ್ತಾರೆ!" ಅಂದರು ಶಿವಲಿಂಗಮ್ಮ. ಗಸಗಸೆಯೊಳಗಿನ ಮಣ್ಣು ಆರಿಸುವಾಗ ಪೀಜಿಯ ಹುಡುಗಿಯರೂ ಹೂಂ ಅನ್ನತೊಡಗಿದರು. ಬಿಳೀ ಕುದುರೆ ಮರಳಿ ಬರುವಾಗ ಇಡೀ ಹಾಲೇ ಹೂಂ ಅನ್ನುತ್ತಿತ್ತು, ಸೆಕ್ರೆಟರಿಯೂ ಸೇರಿ. ಮೂರು ವಾದ್ಯಗಳು ಆ ಹೂಂ ಮೇಲೆ, ಹೊಳೆಯ ಮೇಲಿನ ಹರಿಗೋಲಿನ ಹಾಗೆ ತೇಲಿದವು. ಹುಡುಗಿ ಬೆಂಕಿ ಹಿಡಿದು ಮನೆಗೆ ಬಂದಳು. ಮಲತಾಯಿಯ ಸೊಕ್ಕೆಲ್ಲ ಆ ಬೆಳಕಿನಲ್ಲಿ ಸುಟ್ಟುಹೋಯಿತು. ಊರ್ಮಿಳಾ ಕೊನೆಯ ಸ್ವರ ಎಳೆದು ಕಮಾನು ಇಳಿಸಿದಳು. ಅವಳು ಬರೆದಿದ್ದ ಸಂಗೀತ ಅಷ್ಟೇ.

ಅಂಜಿನಮ್ಮ ಮಾತ್ರ ನಿಲ್ಲಿಸಲಿಲ್ಲ.

"ಮಾರ್ನೇ ದಿನ ಹುಡುಗಿ ಕಾಡ್ಗೆ ವಾಪಸ್ ಒಂಟ್ಲು. ಯಾಕೆ? ತಂದ ಬೆಂಕಿ ಹಿಂದಕ್ಕೆ ಕೊಡ್ಬೇಕಲ್ಲ. ಕೆಲವ್ರು ಅವ್ರೆ, ತಂದಿದ್ದನ್ನ ಕೊಡೋದೇ ಇಲ್ಲ. ಈ ಹುಡುಗಿ ಅಂಗಲ್ಲ."

ಊರ್ಮಿಳಾ ತಂದೆಯ ಕಡೆ ನೋಡಿದಳು. ಊರ ಬೀದಿಯವರಿಗೆಲ್ಲ ಅರ್ಥವಾಗಿತ್ತು. ಒಬ್ಬೊಬ್ಬರಾಗಿ ಹಿಂದೆ ತಿರುಗಿದರು. ಹೂಂ ಬರಲಿಲ್ಲ. ಆಮೇಲೆ ಬಾಗಿಲಿಂದ ಉತ್ತರ ಬಂತು:

"ಕೇಳಿದ್ರೆ ತಂದ್ಕೊಡ್ತಿದ್ಲೇನೋ. ಕಾಡಜ್ಜಿ ಬಾಯ್ಬಿಟ್ಟು ಕೇಳಿದ್ಲಾ?"

ಯಾರೋ ಕಿಸಕ್ಕೆಂದರು. ಅಂಜಿನಮ್ಮ ನಗಲಿಲ್ಲ. ಕತ್ತಲಲ್ಲಿ ಆ ಬಾಗಿಲನ್ನೇ ನೋಡಿದರು. ದ್ವಾರಕಾನಾಥರು, ಬರೆದದ್ದು ಇಲ್ಲದಿದ್ದರೂ, ಕರೀ ಕುದುರೆಯ ರಾಗವನ್ನು ಬಹಳ ಮೆಲ್ಲಗೆ ಎತ್ತಿಕೊಂಡರು.

"ಕೇಳಿದ್ಲು," ಅಂದರು ಅಂಜಿನಮ್ಮ. "ಕೇಳಿದ್ಲು ಅಂತಾನೇ ಇಟ್ಕೊ. ಮುದ್ಕಿ, ಒಂಟಿ, ಚಳಿ. ಮಗಾ, ನನ್ ಬೆಂಕಿ ನಂಗ್ ತಂದ್ಕೊಡು ಅಂದ್ಲು."

ಸೆಲ್ಲೋ ಒಂದು ಸುತ್ತು ಬಂತು. ವಯೋಲಾ ಅದರ ಜೊತೆ ಸೇರಿತು.

"ಹೂಂ," ಅಂದರು ಶಿವಲಿಂಗಮ್ಮ. ಈ ಸಲದ ಹೂಂ ಉದ್ದವಾಗಿತ್ತು.

"ಅಲ್ಲಿಗೆ ಅವ್ರು ಅಲ್ಲಿ ಚೆಂದಾಗಿದ್ರು, ನಾವು ಇಲ್ಲಿ ಚೆಂದಾಗಿರಾನ," ಅಂದು ಅಂಜಿನಮ್ಮ ಕೈಮುಗಿದರು. ಚಪ್ಪಾಳೆಯ ನಡುವೆ ಊರ್ಮಿಳಾ ತಲೆಯೆತ್ತಿ ನೋಡುವಾಗ ಬಾಗಿಲಲ್ಲಿ ಯಾರೂ ಇರಲಿಲ್ಲ.

ಮನೆಗೆ ಬರುವಾಗ ಅಂಜಿನಮ್ಮ ಬಹಳ ಮಾತಾಡಿದರು. ಮುಂದಿನ ಸಲ ರಾಜಕುಮಾರಿ ಕಥೆ, ಅದಕ್ಕೆ ಒಂದು ಕೊಳಲು ಬೇಕು ಅಂದರು. ಗೇಟು ತೆಗೆಯುವಾಗ ಮಾತ್ರ ಪಕ್ಕದ ಮನೆಯ ಬಾಗಿಲನ್ನೊಮ್ಮೆ ನೋಡಿದರು. ಒಳಗೆ ದೇವರ ಮುಂದೆ ಅತ್ತೆಯ ಹಿತ್ತಾಳೆ ದೀಪ ಉರಿಯುತ್ತಿರುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಬಾಗಿಲು ಮುಚ್ಚಿತ್ತು.

"ಅವರು ಬರಲಿಲ್ಲವಲ್ಲ," ಅಂದಳು ಊರ್ಮಿಳಾ, ತಡೆಯಲಾಗದೆ.

"ಈಗ ಎಂಗ್ ಬತ್ತಾಳೆ?" ಅಂದರು ಅಂಜಿನಮ್ಮ. "ದೀಪ ಹಚ್ಚಾಯ್ತಲ್ಲ."

ಮಾರನೇ ಬೆಳಗ್ಗೆಯೂ ಮಂಜೇ. ಗುಡಿಯಲ್ಲಿ ಧನುರ್ಮಾಸದ ಪೂಜೆಯ ಗಂಟೆ ಆಗುತ್ತಿತ್ತು. ಹಾಲಿನ ಪಾತ್ರೆ ಹಿಡಿದು ಇಳಿಯುತ್ತಿದ್ದ ಊರ್ಮಿಳಾ ಮೆಟ್ಟಿಲ ತಿರುವಿನಲ್ಲೇ ನಿಂತುಬಿಟ್ಟಳು. ಕೆಳಗೆ ಅಂಜಿನಮ್ಮ ಬಾಗಿಲ ಮುಂದೆ ರಂಗೋಲಿ ಹಾಕಿ ಮುಗಿಸಿ, ಪುಡಿಯ ಕೈ ಒರೆಸಿಕೊಂಡು, ಒಳಗೆ ಹೋಗದೆ ನಿಂತಿದ್ದರು. ಮಂಜಿನೊಳಗಿಂದ ಶಿವಲಿಂಗಮ್ಮ ಬಂದರು. ಮಿಂದು ಮಡಿಯುಟ್ಟಿದ್ದರು. ರಂಗೋಲಿ ತುಳಿಯದಂತೆ ಬದಿಗೆ ಬಂದು ನಿಂತರು.

ಅಂಜಿನಮ್ಮ ಎರಡೂ ಕೈ ಒಡ್ಡಿದರು. ಶಿವಲಿಂಗಮ್ಮ ಸೆರಗಿನ ಮರೆಯಿಂದ ದೀಪವನ್ನು ತೆಗೆದು, ಹೊಸ ಬತ್ತಿ ಹಾಕಿ ತುಂಬಿದ್ದ ಎಣ್ಣೆ ತುಳುಕದ ಹಾಗೆ, ಆ ಕೈಗಳಲ್ಲಿಟ್ಟರು.